ಹೊಂಗೆಕಟ್ಟೆ ಕೆರೆಯ ಮೂಲ ಸ್ವರೂಪ ಯಾವ ವರ್ಷದ್ದು?

ಕೆರೆಗಳಿಗೆ ಮರುಜೀವ ಕೊಡುವ ಹೊಣೆ ಹೊತ್ತಿರುವ ಮಾನ್ಯ ಮುಖ್ಯ ಅಭಿಯಂತರರೇ,

ಹೋದ ವರ್ಷದ ಶ್ರಾವಣದಲ್ಲಿ ಹೇರೋಹಳ್ಳಿಯ ಹಿಂಬದಿಯ ಹೊಂಗೆಕಟ್ಟೆ ಕೆರೆಯಲ್ಲಿ ನಿಮ್ಮ ಗುತ್ತಿಗೆದಾರರ ಯಂತ್ರಗಳು ಜಾಲಿಮರಗಳನ್ನು ಉರುಳಿಸಿದವು. ಆ ಮರಗಳ ಮೇಲೆ ಗೂಡುಗಳಿದ್ದವು. ಗೂಡುಗಳಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿಗಳಿದ್ದವು. ಮರಿಗಳು ಹಾರಿಹೋಗುವ ತನಕ ಮರ ಮುಟ್ಟುವುದಿಲ್ಲ ಎಂದು ನೀವೇ ಏರಿಯ ಮೇಲೆ ನಿಂತು, ನಮ್ಮೆಲ್ಲರ ಎದುರು ಮಾತು ಕೊಟ್ಟಿದ್ದಿರಿ. ನನ್ನ ದೂರು ಇಷ್ಟೇ. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಬಹುದು. ಹಾಗೆ ಮುಗಿಸಿದ ಮನವಿಗಳು ನಿಮ್ಮ ಕಚೇರಿಯಲ್ಲಿ ಈಗಾಗಲೇ ಇವೆ. ಅವುಗಳ ಮೇಲೆ ಸ್ವೀಕೃತಿಯ ಮೊಹರನ್ನು ಬಹಳ ಅಚ್ಚುಕಟ್ಟಾಗಿ ಒತ್ತಿದ್ದಾರೆ. ಮೊಹರು ಬಿದ್ದ ಮೇಲೆ ಅವುಗಳ ಗತಿ ಏನಾಯಿತೋ ತಿಳಿಯದು. ಆದ್ದರಿಂದ ಈ ಸಲ ಸ್ವಲ್ಪ ಉದ್ದಕ್ಕೆ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಉಪನೋಂದಣಾಧಿಕಾರಿಗಳ ಕಚೇರಿಯ ಎದುರು ಮೇಜು ಹಾಕಿಕೊಂಡು ಕೂರುವ ಪತ್ರಬರಹಗಾರ. ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರು ಮುಖ ಮುರಿದುಕೊಂಡು ಬಂದಾಗ ವಿಭಾಗಪತ್ರ, ಇವೇ ನನ್ನ ಕಸುಬು. ಹುಟ್ಟಿದ್ದು ಹರಿಹರದ ಕಡೆ. ಕಾಮಾಕ್ಷಿಪಾಳ್ಯದಲ್ಲಿ ಬಹಳ ಕಾಲ ಬಾಡಿಗೆಗಿದ್ದು, ಹೇರೋಹಳ್ಳಿಯಲ್ಲಿ ಸೈಟು ಇನ್ನೂ ಕೈಗೆಟುಕುತ್ತಿದ್ದಾಗ ಒಂದು ಮನೆ ಕಟ್ಟಿಕೊಂಡೆ. ತಾರಸಿಯಲ್ಲಿ ನಿಂತರೆ ಕೆರೆ ಕಾಣುತ್ತದೆ. ಪಕ್ಷಿಗಳ ವಿಚಾರದಲ್ಲಿ ನಾನು ಪಂಡಿತನಲ್ಲ. ಬೆಳ್ಳಗಿರುವುದು ಬೆಳ್ಳಕ್ಕಿ, ಕಪ್ಪಗಿದ್ದು ನೀರಿನಲ್ಲಿ ಮುಳುಗೇಳುವುದು ನೀರುಕಾಗೆ ಎನ್ನುವಷ್ಟು ಬಲ್ಲೆ. ನನ್ನ ಹೆಂಡತಿ ಜಯದೇವಿಗೆ ಇನ್ನೂ ಒಂದು ವಿಷಯ ಹೆಚ್ಚಿಗೆ ಗೊತ್ತು: ಅವು ಒಣಗಲು ಹಾಕಿದ ಬಟ್ಟೆಯ ಮೇಲೆ ಹಿಕ್ಕೆ ಹಾಕುತ್ತವೆ.

ಆದರೆ ಮಾತುಗಳ ವಿಚಾರದಲ್ಲಿ ನಾನು ಅಷ್ಟು ದಡ್ಡನಲ್ಲ. ಕೆರೆಯ ಬಾಗಿಲಲ್ಲಿ ನೀವು ನಿಲ್ಲಿಸಿರುವ ಫಲಕದಲ್ಲಿ ‘ಕೆರೆಯನ್ನು ಅದರ ಮೂಲ ಸ್ವರೂಪಕ್ಕೆ ಮರಳಿಸುವ ಯೋಜನೆ’ ಎಂದು ಬರೆದಿದೆ. ನಾನು ಒಂದು ಸೈಟಿನ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಬರೆಯದೆ ‘ಮೊದಲು ಹೇಗಿತ್ತೋ ಹಾಗೆ’ ಎಂದು ಬರೆದರೆ ನೋಂದಣಾಧಿಕಾರಿಗಳು ಪತ್ರವನ್ನು ನನ್ನ ಮುಖಕ್ಕೇ ಎಸೆಯುತ್ತಾರೆ. ಮೊದಲು ಎಂದರೆ ಯಾವಾಗ? ಯಾರು ನೋಡಿದ್ದು? ಮೂವತ್ತು ನಲವತ್ತಡಿಯ ಸೈಟಿಗೆ ಕೇಳುವ ಈ ಪ್ರಶ್ನೆಯನ್ನು ಒಂದು ಇಡೀ ಕೆರೆಗೆ ಕೇಳುವವರು ನಿಮ್ಮ ಇಲಾಖೆಯಲ್ಲಿ ಯಾರೂ ಇರಲಿಲ್ಲವೇ?

ನಾನು ಕೇಳಿದೆ. ನಿಮ್ಮನ್ನಲ್ಲ, ಬೋರಮ್ಮನವರನ್ನು. ಅವರು ಈ ಊರಿನ ಹಳೆಯ ಒಕ್ಕಲು ಮನೆತನದವರು. ಕೆರೆಯ ಕೆಳಗೆ ಅವರ ಗದ್ದೆಯಿತ್ತು. ಈಗ ಅದೇ ಜಾಗದಲ್ಲಿ ಅವರ ಮಗ ಮುನಿರಾಜು ಕಟ್ಟಿಸಿದ ಬಾಡಿಗೆ ಮನೆಗಳ ಸಾಲಿದೆ. ಸಂಜೆ ಅವರು ಏರಿಯ ಮೇಲೆ ಕೂತಿರುವಾಗ, “ಅಮ್ಮ, ಈ ಕೆರೆ ಮೊದ್ಲು ಹೇಗಿತ್ತು?” ಎಂದೆ.

“ಮೊದ್ಲು ಅಂದ್ರೆ ಯಾವಾಗಪ್ಪ?” ಎಂದು ಅವರೂ ನನ್ನ ನೋಂದಣಾಧಿಕಾರಿಗಳ ಹಾಗೆಯೇ ಕೇಳಿದರು. ಆಮೇಲೆ ಹೇಳಿದರು: “ನಾನ್ ಮದ್ವೆಯಾಗ್ ಬಂದಾಗ ಈ ಮುಳ್ಳುಮರ ಒಂದೂ ಇರ್ಲಿಲ್ಲ. ಬ್ಯಾಸ್ಗೇಲಿ ಕೆರೆ ಪೂರ್ತಾ ಒಣಗೋದು. ಗೋಡುಮಣ್ಣು ತೆಗ್ದು ಗಾಡೀಲಿ ಗದ್ದೆಗ್ ಹೊಡೀತಿದ್ವಿ. ದನ ಎಲ್ಲ ಒಳಗೇ ಮೇಯೋವು. ಜಾಲಿ ಬೀಜ ತಂದ್ ಎರಚಿದ್ದು ಫಾರೆಸ್ಟ್‌ನೋರು, ನಮ್ ಮುನಿರಾಜು ಇಸ್ಕೂಲಿಗ್ ಹೋಗ್ತಿದ್ದಾಗ. ನಂಗೇನ್ ಆ ಮರ ಕಂಡ್ರೆ ಆಗಲ್ಲ. ಕಾಲಿಗ್ ಚುಚ್ಚಿಸ್ಕೊಂಡಿದ್ದೇ ಬಂತು.”

ಅಂದರೆ ಜಾಲಿಯೂ ಮೂಲವಲ್ಲ. ಕೆರೆಯ ಹೆಸರಿನಲ್ಲಿ ಹೊಂಗೆಯಿದೆ. ಅಲ್ಲಿ ಹೊಂಗೆಮರವನ್ನು ಬೋರಮ್ಮನವರೂ ಕಂಡವರಲ್ಲ. ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆ ಮೂಲವಾದರೆ ವರ್ಷಪೂರ್ತಿ ನೀರು ನಿಲ್ಲಿಸುವ ನಿಮ್ಮ ನಕ್ಷೆ ಯಾವುದರ ಸ್ವರೂಪ? ಇನ್ನೂ ಹಿಂದಕ್ಕೆ ಹೋದರೆ ಕೆರೆಯೇ ಇರಲಿಲ್ಲ, ಒಂದು ಹಳ್ಳ ಹರಿಯುತ್ತಿತ್ತು. ಯಾರೋ ಪುಣ್ಯಾತ್ಮರು ಏರಿ ಕಟ್ಟಿ ಅದನ್ನು ನಿಲ್ಲಿಸಿದರು. ಆಗ ಏನೇನು ಮುಳುಗಿತೋ ಬಲ್ಲವರಿಲ್ಲ. ಯಾವ ದಿನಕ್ಕೆ ಮರಳಬೇಕು ಎಂಬುದನ್ನು ನಾವು ಹುಡುಕಿ ತೆಗೆಯಲಾಗುವುದಿಲ್ಲ, ಆರಿಸಿಕೊಳ್ಳಬೇಕಾಗುತ್ತದೆ. ಆರಿಸಿದ್ದನ್ನು ಆರಿಸಿದ್ದೇವೆ ಎಂದು ಒಪ್ಪಿಕೊಂಡರೆ ಆಗ ಯಾರಿಗಾಗಿ ಆರಿಸಿದಿರಿ ಎಂದು ಯಾರಾದರೂ ಕೇಳಿಯಾರು. ‘ಮೂಲ ಸ್ವರೂಪ’ ಎಂದುಬಿಟ್ಟರೆ ಆ ತೊಂದರೆ ಇಲ್ಲ. ಎಷ್ಟು ಅನುಕೂಲದ ಮಾತು!

ನೀವು ಬರುವ ಮೊದಲಿನ ಕೆಲವು ವರ್ಷಗಳಲ್ಲಿ ಆ ಕೆರೆಯಲ್ಲಿ ಏನಾಯಿತೆಂದು ನಿಮಗೆ ತಿಳಿದಿರಲಾರದು. ನಾವಿಲ್ಲಿಗೆ ಬಂದಾಗ ಅದು ಕೆರೆಯಲ್ಲ, ಸುತ್ತಲಿನ ಬಡಾವಣೆಗಳ ಬಚ್ಚಲು. ಸಂಜೆಯಾದರೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಿದ್ದೆವು. ಆಮೇಲೆ ಒಳಚರಂಡಿಯ ಕೊಳವೆ ಹಾಕಿದರು. ಕೊಳಚೆ ಬೇರೆ ಕಡೆಗೆ ತಿರುಗಿತು. ಕೆರೆಯನ್ನು ಎಲ್ಲರೂ ಮರೆತರು. ಮರೆತದ್ದೇ ಅದಕ್ಕೆ ಔಷಧಿಯಾಯಿತು. ಎರಡು ಮೂರು ಮಳೆಗಾಲ ಕಳೆಯುವುದರಲ್ಲಿ ನೀರು ತಿಳಿಯಾಗತೊಡಗಿತು. ಅಂಚಿನಲ್ಲಿ ಜೊಂಡು ಎದ್ದಿತು, ಜೊಂಡಿನೊಳಗೆ ಕಪ್ಪೆ, ಕಪ್ಪೆಯ ಹಿಂದೆ ಕೇರೆಹಾವು. ಪಡುವಣ ಮೂಲೆಯಲ್ಲಿ ನೀರಿನ ನಡುವೆಯೇ ನಿಂತಿದ್ದ ಜಾಲಿತೋಪಿಗೆ ಒಂದು ವರ್ಷ ನಾಲ್ಕಾರು ಬೆಳ್ಳಕ್ಕಿ ಬಂದವು. ಮರುವರ್ಷ ಮರವೇ ಬೆಳ್ಳಗಾಯಿತು. ಮುಳ್ಳು ಇದ್ದದ್ದರಿಂದ ಬೆಕ್ಕು ಹತ್ತುತ್ತಿರಲಿಲ್ಲ, ಹುಡುಗರೂ ಹತ್ತುತ್ತಿರಲಿಲ್ಲ. ಇದಕ್ಕಾಗಿ ಯಾರೂ ಯೋಜನೆ ರೂಪಿಸಲಿಲ್ಲ, ಯಾರೂ ರಿಬ್ಬನ್ ಕತ್ತರಿಸಲಿಲ್ಲ.

ಆಮೇಲೆ ನೀವು ಬಂದಿರಿ. ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ ಸಭೆ ಕರೆದು, “ನಿಮ್ಮ ಕೆರೆ, ನೀವೇ ಹೇಳಿ, ಏನ್ ಬೇಕು?” ಎಂದಿರಿ. ಅದನ್ನು ನಾನು ಮರೆಯುವುದಿಲ್ಲ, ಏಕೆಂದರೆ ಅಧಿಕಾರಿಗಳು ಹಾಗೆ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮುನಿರಾಜು ಮೊದಲು ಎದ್ದರು. ಕೆರೆಯ ಸಲುವಾಗಿ ನಿಮ್ಮ ಕಚೇರಿಗೆ ಚಪ್ಪಲಿ ಸವೆಸಿದವರು ಅವರೇ. “ಸಾರ್, ವರ್ಷಪೂರ್ತಿ ನೀರ್ ನಿಂತಿರ್ಬೇಕು ಸಾರ್. ನಮ್ ಬೋರ್‌ವೆಲ್ಲೆಲ್ಲ ಒಣಗೋಗವೆ. ನಾವೆಲ್ಲ ಈಜು ಕಲ್ತಿದ್ದೇ ಇದ್ರಲ್ಲಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು; ಅದು ನಾಟಕವಾಗಿರಲಿಲ್ಲ. ಕೆರೆ ಪಕ್ಕದ ಅಪಾರ್ಟ್‌ಮೆಂಟಿನ ರಮ್ಯ ಎದ್ದು, “ಸರ್, ನಮ್ಮತ್ತೆಗೆ ಮಂಡಿ ಆಪರೇಷನ್ ಆಗಿದೆ. ಡಾಕ್ಟರ್ ದಿನಾ ವಾಕ್ ಮಾಡಿಸಿ ಅಂತಾರೆ. ಈ ರೋಡಲ್ಲಿ ಎಲ್ಲಿ ಮಾಡಿಸ್ಲಿ? ಫುಟ್‌ಪಾತೇ ಇಲ್ಲ. ಒಂದು ವಾಕಿಂಗ್ ಪಾತ್ ಮಾಡ್ಕೊಡಿ, ಸಾಕು” ಎಂದರು. ಅದೂ ನ್ಯಾಯವೇ. ಗಣೇಶನನ್ನು ಬಿಡಲು ಕಲ್ಯಾಣಿ ಬೇಕೆಂದರು ಕೆಲವರು, ಮಕ್ಕಳಿಗೆ ಜಾರುಬಂಡೆ ಬೇಕೆಂದರು ಕೆಲವರು. ಕೊನೆಗೆ ನಾನು ಎದ್ದು, ಪಡುವಣ ಮೂಲೆಯನ್ನಾದರೂ ಇದ್ದ ಹಾಗೇ ಬಿಟ್ಟುಬಿಡಿ ಎಂದೆ.

“ಬಿಟ್ಬಿಡೋದು ಅಂದ್ರೆ ಏನ್ ಮಾಡೋದು?” ಎಂದಿರಿ.

“ಏನೂ ಮಾಡದೆ ಇರೋದು ಸಾರ್.”

“ಗುರುಸಿದ್ದಯ್ಯನೋರೇ, ಏನೂ ಮಾಡ್ದೆ ಇರೋದಕ್ಕೆ ಟೆಂಡರ್ ಕರಿಯಕ್ಕಾಗಲ್ಲ!”

ಹಾಲ್ ತುಂಬ ನಗು. ನಾನೂ ನಕ್ಕೆ. ಒಳ್ಳೆಯ ಮಾತೇ ಆಗಿತ್ತು. ಆದರೆ ಮನೆಗೆ ಬಂದು ಯೋಚಿಸಿದರೆ, ನೀವು ಹಾಸ್ಯಕ್ಕೆ ಹೇಳಿದ್ದು ಈ ಊರಿನ ಅತಿ ದೊಡ್ಡ ಸತ್ಯವಾಗಿತ್ತು.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಮೂಡಣ ಕಡೆಯಿಂದ ನೀರು ಖಾಲಿ ಮಾಡಿ ಹೂಳೆತ್ತಿದರು, ಜೊಂಡೆಲ್ಲ ಲಾರಿ ಹತ್ತಿತು. ಪಡುವಣ ಮೂಲೆಯಲ್ಲಿ ಮಾತ್ರ ಒಂದಿಷ್ಟು ನೀರು ಉಳಿದಿತ್ತು. ಮುಂಗಾರು ಬಿದ್ದ ಮೇಲೆ ಹಕ್ಕಿಗಳು ಎಂದಿನಂತೆ ಆ ಜಾಲಿಗೇ ಬಂದು ಗೂಡು ಕಟ್ಟಿದವು. ಅವುಗಳಿಗೆ ನಿಮ್ಮ ಫಲಕ ಓದಲು ಬರುವುದಿಲ್ಲ. ನೀವು ಪರಿವೀಕ್ಷಣೆಗೆ ಬಂದ ದಿನ ನಾನು, ರಮ್ಯ, ಮುನಿರಾಜು ಮೂವರೂ ನಿಮ್ಮನ್ನು ಅಡ್ಡಗಟ್ಟಿ ಗೂಡುಗಳನ್ನು ತೋರಿಸಿದೆವು. ನೀವು ಬಹಳ ಹೊತ್ತು ನೋಡಿದಿರಿ. ಒಂದು ತಾಯಿಹಕ್ಕಿ ಮರಿಯ ಬಾಯಿಗೆ ಮೀನು ಹಾಕುತ್ತಿತ್ತು. “ಮರಿ ಹಾರೋವರ್ಗೂ ಈ ಮರ ಮುಟ್ಟಲ್ಲ. ನನ್ ಮಾತು. ನನಗೂ ಮಕ್ಕಳಿದಾರೆ” ಎಂದಿರಿ. ನಿಮ್ಮ ಮಾತನ್ನು ನಾವು ನಂಬಿದೆವು. ನೀವೂ ನಂಬಿದ್ದಿರಿ ಎಂದೇ ಈಗಲೂ ಅನ್ನಿಸುತ್ತದೆ.

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಬೆಳಿಗ್ಗೆ ನಾನು ಹಿಂದಿನ ದಿನದ ಒಬ್ಬಟ್ಟನ್ನು ಬಿಸಿ ಮಾಡಿಸಿಕೊಂಡು ತಿನ್ನುತ್ತಿದ್ದೆ. ಪಡುವಣ ಮೂಲೆಯಿಂದ ಜೆಸಿಬಿಯ ಸದ್ದು ಕೇಳಿತು. ಓಡಿದೆ. ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಗೌತಮ್ ಎಂಬುವವರು ನಿಂತಿದ್ದರು. ಸಾಹೇಬರು ಮಾತು ಕೊಟ್ಟಿದ್ದಾರೆ ಎಂದೆ. ಅವರು ಒರಟರಲ್ಲ, ಬೆವರು ಒರೆಸಿಕೊಂಡು ಹಾಳೆ ಬಿಡಿಸಿ ತೋರಿಸಿದರು. “ಅಂಕಲ್, ನನ್ ಹತ್ರ ಇರೋದು ಡ್ರಾಯಿಂಗ್ ಅಷ್ಟೇ. ಡ್ರಾಯಿಂಗಲ್ಲಿ ಇಲ್ಲಿ ಮರಾನೇ ಇಲ್ಲ, ನೋಡಿ. ಬರೀ ನೀಲಿ.”

ನಿಜ. ಬರೀ ನೀಲಿ ಬಣ್ಣವಿತ್ತು. ನಿಮಗೆ ಫೋನ್ ಮಾಡಿದೆ. ಎತ್ತಿದವರು, “ಸಾಹೇಬ್ರು ಮೀಟಿಂಗಲ್ಲಿದಾರೆ” ಎಂದರು. ಮತ್ತೆ ಮಾಡಿದೆ. ಇನ್ನೂ ಮೀಟಿಂಗಲ್ಲಿದ್ದಿರಿ.

ಅಷ್ಟರಲ್ಲಿ ಬೋರಮ್ಮನವರು ಕೋಲೂರಿಕೊಂಡು ಏರಿ ಇಳಿದು ಬಂದರು. ಹಬ್ಬಕ್ಕೆ ಉಟ್ಟ ಹೊಸ ಸೀರೆ ಇನ್ನೂ ಮೈಮೇಲಿತ್ತು. ಆ ಮುಳ್ಳುಮರ ಕಂಡರಾಗದ ಬೋರಮ್ಮ ನೇರವಾಗಿ ಹೋಗಿ ಯಂತ್ರದ ಮುಂದೆ ಕೆಸರಿನಲ್ಲಿ ಕೂತುಬಿಟ್ಟರು. ಡ್ರೈವರ್ ಎಂಜಿನ್ ಆರಿಸಿದ. ಮುನಿರಾಜು ಗಾಬರಿಯಾಗಿ ಬಂದು ತಾಯಿಯ ರಟ್ಟೆ ಹಿಡಿದರು.

“ಅಮ್ಮ, ಏಳಮ್ಮ. ಜನ ನೋಡ್ತಾವ್ರೆ. ಈ ಕೆಲ್ಸ ಮಾಡ್ಸಿ ಅಂತ ನಾನೇ ಕೇಳಿದ್ದು ಕಣಮ್ಮ.”

“ನೀನ್ ನೀರ್ ಕೇಳ್ದೆ” ಎಂದರು ಬೋರಮ್ಮ. “ಮರಿ ಸಾಯ್ಸಿ ಅಂತ ಕೇಳಿದ್ಯೇನೋ?”

ಮುನಿರಾಜು ಕೈ ಬಿಟ್ಟು ಹಿಂದೆ ಸರಿದರು.

ಪೊಲೀಸರು ಬಂದರು. ಬಂದವರು ಬೈಯಲಿಲ್ಲ, ಎಳೆದಾಡಲಿಲ್ಲ. ಮಹಿಳಾ ಪೇದೆಯೊಬ್ಬರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಅಜ್ಜಿ, ಬಿಸ್ಲು ಜಾಸ್ತಿ ಆಗ್ತಿದೆ, ತಲೆ ಸುತ್ತುತ್ತೆ, ಏಳಿ ಅಜ್ಜಿ” ಎಂದು ನೀರು ಕುಡಿಸಿದರು. ಆಮೇಲೆ ಇಬ್ಬರು ಸೇರಿ ಮಗುವನ್ನು ಎತ್ತುವ ಹಾಗೆ ಎತ್ತಿ ತಂದು ಏರಿಯ ಕಲ್ಲಿನ ಮೇಲೆ ಕೂರಿಸಿದರು. ಮಾನ್ಯರೇ, ಆ ದಿನ ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಬೈಯೋಣವೆಂದರೆ ಒಬ್ಬರೂ ಸಿಗಲಿಲ್ಲ. ನನ್ನ ಅಸಹಾಯಕತೆಯ ಬೇರು ಇರುವುದು ಅಲ್ಲಿಯೇ.

ಮರಗಳು ಬಿದ್ದವು. ಹಕ್ಕಿಗಳು ಒಮ್ಮೆಲೇ ಎದ್ದು ಮೇಲೆ ಸುತ್ತತೊಡಗಿದವು. ಹಾರಲಾರದವು ಕೆಸರಿಗೆ ಬಿದ್ದವು. ಆಫೀಸಿಗೆ ಹೊರಟಿದ್ದ ರಮ್ಯ ಚಪ್ಪಲಿ ಕಳಚಿ ಇಳಿದರು. ತರಕಾರಿ ಅಂಗಡಿಯಿಂದ ಟೊಮೇಟೊ ಕ್ರೇಟುಗಳನ್ನು ತಂದು, ಹಳೇ ಟವೆಲ್ ಹಾಸಿ, ಮುಳ್ಳುಕೊಂಬೆಗಳ ನಡುವೆ ಕೈಹಾಕಿ ಮರಿಗಳನ್ನು ಹೆಕ್ಕಿದೆವು. ಹೆದರಿದ ಮರಿಗಳು ಆಗತಾನೇ ನುಂಗಿದ್ದ ಜಿಲೇಬಿ ಮೀನುಗಳನ್ನು ನಮ್ಮ ಕೈಮೇಲೆ ಕಕ್ಕಿದವು. ಇಡಿಯಾಗಿದ್ದವು, ಮೀನುಗಳು. ಗೌತಮ್ ಕೂಡ ಡ್ರಾಯಿಂಗನ್ನು ಜೀಪಿನೊಳಗೆ ಎಸೆದು ಬಂದು ಒಂದು ಕ್ರೇಟು ಹಿಡಿದುಕೊಂಡರು. ಕೆಂಗೇರಿಯಾಚೆಯ ಪ್ರಾಣಿ ರಕ್ಷಣೆಯವರು ವ್ಯಾನಿನಲ್ಲಿ ಬಂದು ಉಸಿರಿದ್ದವುಗಳನ್ನು ಒಯ್ದರು. ಅವುಗಳಲ್ಲಿ ಕೆಲವು ಬದುಕಿದವು ಎಂದು ಆಮೇಲೆ ತಿಳಿಸಿದರು. ಕೆಲವು, ಅಷ್ಟೇ. ಕೆಸರಿನಲ್ಲೇ ಸತ್ತಿದ್ದವುಗಳಿಗೆ ಮುನಿರಾಜು ಒಬ್ಬರೇ ಗುದ್ದಲಿ ಹಿಡಿದು ಗುಂಡಿ ತೋಡಿದರು. ನಾನು ಸಹಾಯಕ್ಕೆ ಹೋದರೆ ಕೈಸನ್ನೆಯಲ್ಲೇ ಬೇಡ ಎಂದರು.

ಈಗ ನಿಮ್ಮ ಕೆರೆ ಚೆನ್ನಾಗಿದೆ. ಸುತ್ತ ಬಣ್ಣದ ಇಟ್ಟಿಗೆಯ ದಾರಿ, ದೀಪದ ಕಂಬ, ಕಲ್ಲು ಹೊದಿಸಿದ ಕಡಿದಾದ ದಡ. ಆ ದಡದಲ್ಲಿ ಬೆಳ್ಳಕ್ಕಿಗೆ ಕಾಲೂರಲು ಜಾಗವಿಲ್ಲ. ನೀರಿಗಿಳಿದರೆ ಮುಳುಗುವಷ್ಟು ಆಳ. ಅದನ್ನು ಯೋಚಿಸಿಯೇ ಇರಬೇಕು, ನೀವು ಸಿಮೆಂಟಿನ ಎರಡು ಬೆಳ್ಳಕ್ಕಿಗಳನ್ನು ಕಾರಂಜಿಯ ಪಕ್ಕ ನಿಲ್ಲಿಸಿದ್ದೀರಿ. ಅವು ಬಟ್ಟೆಯ ಮೇಲೆ ಹಿಕ್ಕೆ ಹಾಕುವುದಿಲ್ಲ. ಉದ್ಘಾಟನೆಯ ದಿನ ಮುನಿರಾಜು ಅವರಿಗೆ ಶಾಲು ಹೊದಿಸಿದಿರಿ. ಅವರು ತಲೆ ತಗ್ಗಿಸಿ ಹೊದಿಸಿಕೊಂಡರು. ಅದು ವಿನಯವೆಂದು ನೀವು ಭಾಷಣದಲ್ಲಿ ಹೊಗಳಿದಿರಿ. ಅವರ ಬೋರ್‌ವೆಲ್‌ನಲ್ಲಿ ನೀರು ಬಂದಿದೆ, ಅದನ್ನೂ ಹೇಳಬೇಕು. ರಮ್ಯ ಅವರ ಅತ್ತೆ ದಿನಾ ಎರಡು ಸುತ್ತು ನಡೆಯುತ್ತಾರೆ. “ಅಂಕಲ್, ನಾನ್ ಕೇಳಿದ್ದೇ ನನಗೆ ಸಿಕ್ಕಿದೆ. ಕಂಪ್ಲೇಂಟ್ ಮಾಡೋ ಹಾಗೂ ಇಲ್ಲ. ಆದ್ರೆ ಆ ಮೂಲೆ ಬಂದ್ರೆ ಅತ್ತೇನ ಬೇಗ ಬೇಗ ನಡೆಸ್ಬಿಡ್ತೀನಿ” ಎಂದರು ಮೊನ್ನೆ. ನನ್ನ ಹೆಂಡತಿ, “ಊರಿಗೆಲ್ಲ ಚೊಲೋ ಆಗೈತಿ ಅಂದ್ರೆ ನಿಮಗೊಬ್ಬರಿಗೆ ಏನಾಗೈತ್ರಿ?” ಎಂದು ಕೇಳುತ್ತಾಳೆ. ಸಂಜೆ ನಾನೂ ಅದೇ ಇಟ್ಟಿಗೆಯ ದಾರಿಯಲ್ಲೇ ನಡೆಯುತ್ತೇನೆ. ಬೇರೆ ದಾರಿ ಎಲ್ಲಿದೆ?

ಇಷ್ಟಾಗಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಆದರೆ ಈ ಸಲ ಮುಂಗಾರು ಬಿದ್ದ ಕೂಡಲೇ ಹಕ್ಕಿಗಳು ಮತ್ತೆ ಬಂದವು. ಕೆರೆಯ ಮೇಲೆ ಸುತ್ತಿದವು. ಕೆಲವು ಸಂಜೆ ದೀಪದ ಕಂಬಗಳ ಮೇಲೆ ಕೂತವು. ಆಮೇಲೆ ಮಾಗಡಿ ರಸ್ತೆಯ ಬಸ್‌ಸ್ಟಾಪಿನ ಪಕ್ಕದ ದೊಡ್ಡ ಮಳೆಮರಕ್ಕೆ ಹೋಗಿ ಅಲ್ಲೇ ಗೂಡು ಕಟ್ಟಿದವು. ಕೆಳಗೆ ಬಸ್ಸು, ಆಟೋ, ಹಾರನ್ನು, ಹೊಗೆ. ಅದರ ನೆರಳಿನಲ್ಲೇ ವೆಂಕಟಗಿರಿಯವರ ಬೇಕರಿ. ಹೋದ ವಾರ ಅವರು ನನ್ನ ಮೇಜಿಗೇ ಬಂದರು.

“ಗುರುಸಿದ್ದಯ್ಯನೋರೇ, ಒಂದ್ ಅರ್ಜಿ ಬರ್ಕೊಡಿ. ಆ ಮರದ ಕೊಂಬೆ ಎಲ್ಲ ತೆಗ್ಸಿ ಅಂತ. ಗಿರಾಕಿ ತಲೆ ಮೇಲೆ, ಬನ್ ಟ್ರೇ ಮೇಲೆ, ಎಲ್ಲಾ ಕಡೆ ಬೀಳ್ತದೆ. ನಾತ ಬೇರೆ.”

ಮರಿಗಳಿವೆ, ದಸರಾವರೆಗೆ ತಡೆಯಿರಿ ಎಂದು ಕೈಮುಗಿದೆ. ಟಾರ್ಪಾಲಿನ್ ನಾನೇ ಕಟ್ಟಿಸುತ್ತೇನೆ ಎಂದೆ. ಅವರು ಬೇಸರದಿಂದ ನನ್ನನ್ನೇ ನೋಡಿದರು.

“ನಂಗೂ ಪಾಪ ಅನ್ಸುತ್ತೆ ಸಾರ್. ಆದ್ರೆ ಅವಕ್ಕೆ ಅಂತ ಕೆರೆ ಐತಲ್ಲ? ಸರ್ಕಾರದೋರು ಅಷ್ಟು ಚೆನ್ನಾಗಿ ರೆಡಿ ಮಾಡಿಟ್ಟವ್ರೆ. ಅಲ್ಲಿಗ್ ಹೋಗ್ಲಿ.”

ಬರೆದುಕೊಡಲಾರೆ ಎಂದೆ. ಅವರು ಪಕ್ಕದ ಮೇಜಿಗೆ ಹೋದರು, ಅಲ್ಲಿ ಬರೆದುಕೊಟ್ಟರು. ಚೆನ್ನಾಗಿಯೇ ಬರೆದಿದ್ದರು, ನಾನು ಇಣುಕಿ ನೋಡಿದೆ.

ಆ ಅರ್ಜಿ ಈಗ ನಿಮ್ಮ ಕಟ್ಟಡದಲ್ಲಿದೆ. ಮರ ಕಡಿಯುವ ಅಪ್ಪಣೆ ಕೊಡುವವರು ನೀವಲ್ಲ, ಬೇರೆ ಶಾಖೆಯವರು ಎಂದು ಬಲ್ಲೆ. ಆದರೆ ಅವರ ಕೊಠಡಿ ನಿಮ್ಮ ಕೊಠಡಿಯ ಪಕ್ಕದಲ್ಲೇ ಇದೆ. ನನ್ನ ಬೇಡಿಕೆ ಇಷ್ಟೇ: ದಯಮಾಡಿ ಎದ್ದು ಆ ಬಾಗಿಲವರೆಗೆ ನಡೆದುಹೋಗಿ, ದಸರಾ ಕಳೆಯುವ ತನಕ ಆ ಕೊಂಬೆಗಳಿಗೆ ಕತ್ತಿ ಹಾಕದಂತೆ ಹೇಳಿ. ಮುಂದಿನ ಕೆರೆಗೆ ಕೈ ಹಾಕುವ ಮೊದಲು ಫಲಕದಲ್ಲಿ ಯಾವ ಕಾಲದ ಕೆರೆ, ಯಾರಿಗಾಗಿ ಎಂದು ಬಿಡಿಸಿ ಬರೆಯಿಸಿ. ಈಗ ಅಲ್ಲಿ ಯಾರು ವಾಸವಾಗಿದ್ದಾರೆಂದು ಒಂದು ಸಲ ನೋಡಿ, ಒಂದು ಮೂಲೆಯನ್ನಾದರೂ ಡ್ರಾಯಿಂಗಿನಿಂದ ಹೊರಗಿಡಿ. ಇದೆಲ್ಲ ಆಗುತ್ತದೆಂಬ ಭರವಸೆ ನನಗಿಲ್ಲ. ನೀವು ಮೀಟಿಂಗಿನಲ್ಲಿರಬಹುದು. ಕಡಿಯುವುದೇ ತೀರ್ಮಾನವಾದರೆ ಹಿಂದಿನ ದಿನವಾದರೂ ಒಂದು ಮಾತು ತಿಳಿಸಿ. ನಾನು, ರಮ್ಯ, ಮುನಿರಾಜು ಮತ್ತು ಬೇಕರಿಯ ವೆಂಕಟಗಿರಿ (ಅವರೂ ಒಪ್ಪಿದ್ದಾರೆ) ಮರದ ಕೆಳಗೆ ಬೆಡ್‌ಶೀಟಿನ ನಾಲ್ಕು ತುದಿ ಹಿಡಿದು ನಿಲ್ಲುತ್ತೇವೆ.

ಇಂತಿ,
ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟು, ತನ್ನದೊಂದನ್ನು ಮೇಲಿನವರಿಂದ ಓದಿಸಲಾಗದ,
ಗುರುಸಿದ್ದಯ್ಯ
ಪತ್ರಬರಹಗಾರ, ಹೇರೋಹಳ್ಳಿ